ಸಂಘದ ಯಜಮಾನರು ನಾವೇ



'ಮಾನವ ಸಂಪನ್ಮೂಲ ನಿರ್ವಹಣೆ' ಎಂಬ ಮಾತು ಕೇಳಿದ ಕೂಡಲೇ, ಅದು ದೊಡ್ಡ ಕಂಪನಿಗಳಿಗೆ ಸೇರಿದ್ದು, ಹಳ್ಳಿ ಸಂಘಕ್ಕೆ ಯಾಕೆ ಬೇಕು ಎಂದುಕೊಳ್ಳುವುದು ಸಹಜ. ಆದರೆ ಇತಿಹಾಸ ನೋಡಿದರೆ ಆ ವಿಚಾರವೂ ಸಹಕಾರವೂ ಒಂದೇ ಬೇರಿನಿಂದ ಚಿಗುರಿದವು.

1800ರಲ್ಲಿ ಸ್ಕಾಟ್ಲೆಂಡಿನ ನ್ಯೂ ಲನಾರ್ಕ್ ಹತ್ತಿ ಗಿರಣಿಯ ಆಡಳಿತವನ್ನು ರಾಬರ್ಟ್ ಓವೆನ್ ವಹಿಸಿಕೊಂಡರು. ಅಲ್ಲಿ ಸುಮಾರು 2000 ಜನರಿದ್ದರು, ಅನಾಥಾಲಯಗಳಿಂದ ತಂದ ಮಕ್ಕಳೂ ದುಡಿಯುತ್ತಿದ್ದರು. ಹತ್ತು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳುವುದನ್ನು ಓವೆನ್ ನಿಲ್ಲಿಸಿದರು. 1816ರಲ್ಲಿ ಶಾಲೆ ತೆರೆದರು. ಬೈಯುವ, ಹೊಡೆಯುವ ಪದ್ಧತಿ ಬಿಟ್ಟು ಪ್ರತಿ ಕೆಲಸಗಾರನ ಬಳಿ ನಾಲ್ಕು ಬಣ್ಣದ ಮರದ ತುಂಡು ತೂಗುಹಾಕಿಸಿದರು. ನಿನ್ನೆಯ ಕೆಲಸ ಉತ್ತಮವಾಗಿದ್ದರೆ ಬಿಳಿ, ಕೆಟ್ಟದಾಗಿದ್ದರೆ ಕಪ್ಪು. ಓವೆನ್ ಅದನ್ನು ನೋಡಿಕೊಂಡು ಸುಮ್ಮನೆ ಹೋಗುತ್ತಿದ್ದರು. ಅಮೆರಿಕದ ಹತ್ತಿ ಬಾರದೆ ಗಿರಣಿ ನಾಲ್ಕು ತಿಂಗಳು ನಿಂತಾಗ ಎಲ್ಲರಿಗೂ ಪೂರ್ತಿ ಸಂಬಳ ಕೊಟ್ಟರು. ಅಷ್ಟಾದರೂ ಗಿರಣಿ ಲಾಭದಲ್ಲೇ ನಡೆಯಿತು.

ಒಳ್ಳೆಯ ಧಣಿಯೇನೋ ಸರಿ, ಆದರೆ ಧಣಿ ಧಣಿಯೇ. ಕೆಲಸಗಾರನಿಗೆ ಅಲ್ಲಿ ಓಟಿರಲಿಲ್ಲ. ಓವೆನ್ನರ ವಿಚಾರಗಳಿಂದ ಪ್ರೇರಣೆ ಪಡೆದವರೂ ಇದ್ದ ರಾಚ್‌ಡೇಲ್ ಪಯನೀಯರರು 1844ರ ಡಿಸೆಂಬರ್ 21ರಂದು ಇಂಗ್ಲೆಂಡಿನಲ್ಲಿ 28 ಪೌಂಡ್ ಬಂಡವಾಳದ ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ ಮಾರಲು ಸ್ಯಾಮ್ಯುಯೆಲ್ ಆಶ್‌ವರ್ತ್, ಹಣ ಎಣಿಸಲು ವಿಲಿಯಂ ಕೂಪರ್; ಇಬ್ಬರೂ ಸದಸ್ಯರೇ. ಒಬ್ಬರಿಗೆ ಒಂದೇ ಮತ. ಮುಂದೆ ಲಾಭದ ಶೇ. 2.5 ಭಾಗವನ್ನು ಶಿಕ್ಷಣಕ್ಕೆ ಎತ್ತಿಟ್ಟರು, ವಾಚನಾಲಯ ನಡೆಸಿದರು. ತಿಳಿದ ಸದಸ್ಯ, ಪಳಗಿದ ನೌಕರ ಇಲ್ಲದಿದ್ದರೆ ಅಂಗಡಿ ಉಳಿಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ನಮ್ಮ ದೇಶದಲ್ಲಿ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. 1905ರಲ್ಲೇ ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಂಘ ಹುಟ್ಟಿತು. ಕಾಯ್ದೆ ಸರ್ಕಾರದ್ದಾದರೂ ಸಂಘ ನಡೆದದ್ದು ಊರವರ ನಂಬಿಕೆಯಿಂದ.

ಈ ಇತಿಹಾಸ ನಮಗೊಂದು ಹೊಣೆ ಹೊರಿಸುತ್ತದೆ. ಕಂಪನಿಯಲ್ಲಿ ನೌಕರನಿಗೆ ಅನ್ಯಾಯವಾದರೆ ಧಣಿಯನ್ನು ದೂರಬಹುದು. ಸಂಘದಲ್ಲಿ ಯಾರನ್ನು ದೂರೋಣ? ಇಲ್ಲಿ ಧಣಿ ನಾವೇ ತಾನೇ! ಸಾಲದ ಅರ್ಜಿ ಬರೆಯುವವರು, ಗೊಬ್ಬರದ ಚೀಲ ತೂಗುವವರು, ವಸೂಲಿಗೆ ಬಿಸಿಲಲ್ಲಿ ತಿರುಗುವವರು ನಮ್ಮ ನೌಕರರು. ನಮ್ಮವನು, ನಮ್ಮ ಬೀಗರ ಹುಡುಗ ಎಂದು ಕೆಲಸಕ್ಕೆ ಸೇರಿಸುವುದು, ಆಮೇಲೆ ತರಬೇತಿಗೆ ಕಳಿಸಲು ಖರ್ಚು ಅನ್ನುವುದು, ಸಂಬಳದ ಮಾತು ಬಂದರೆ ಮುಂದಿನ ಸಭೆಗೆ ನೋಡೋಣ ಅನ್ನುವುದು, ಲೆಕ್ಕ ತಪ್ಪಿದ ದಿನ ಮಾತ್ರ ಗದರುವುದು: ಇದು ಯಜಮಾನಿಕೆಯಲ್ಲ. ಯೋಗ್ಯತೆ ನೋಡಿ ನೇಮಕ, ಹೊತ್ತಿಗೆ ಸರಿಯಾದ ಸಂಬಳ, ಗಣಕಯಂತ್ರದ ತರಬೇತಿ, ಕಾರ್ಯದರ್ಶಿ ನಿವೃತ್ತರಾಗುವ ಮೊದಲೇ ಇನ್ನೊಬ್ಬರನ್ನು ತಯಾರು ಮಾಡುವುದು, ಜೊತೆಗೆ ಲೆಕ್ಕದಲ್ಲಿ ಕಟ್ಟುನಿಟ್ಟು. ಇಷ್ಟು ಮಾಡಿದರೆ ಸಾಕು.

ಮಹಾಸಭೆಯಲ್ಲಿ ಡಿವಿಡೆಂಡ್ ಎಷ್ಟು ಎಂದು ಕೇಳುವ ನಾವು, ಸಿಬ್ಬಂದಿ ಹೇಗಿದ್ದಾರೆ ಎಂದೂ ಕೇಳೋಣ. ಬೆಳ್ಳಿಹಬ್ಬ ಕಂಡ ಸಂಘ ಸುವರ್ಣ ಮಹೋತ್ಸವ ಕಾಣಬೇಕಾದರೆ ದಾರಿ ಇದೊಂದೇ.