ಸ್ವಂತ ಹಾಡಿಗೆ ಹೆಜ್ಜೆ: ಮನೆಯ ಡ್ಯಾನ್ಸ್ ಗೇಮ್‌ಗಳ ಇತಿಹಾಸ

ಪರದೆಯ ಮೇಲೆ ಏರಿಬರುವ ಬಾಣಗಳನ್ನು ನೋಡುತ್ತ, ನೆಲಕ್ಕೆ ಹಾಸಿದ ಮ್ಯಾಟ್‌ನ ಮೇಲೆ ಹಾಡಿನ ಲಯಕ್ಕೆ ಸರಿಯಾಗಿ ಕಾಲಿಡುವ ಆಟಗಳನ್ನು ಡ್ಯಾನ್ಸ್ ಗೇಮ್ ಎನ್ನುತ್ತಾರೆ. ಕಂಪನಿ ಕೊಟ್ಟ ಹಾಡುಗಳನ್ನು ಬಿಟ್ಟು, ತಮ್ಮ ಮನೆಯಲ್ಲೇ ಇರುವ ಸಿಡಿ, ಎಂಪಿ3, ಕ್ಯಾಸೆಟ್‌ಗಳ ಹಾಡಿಗೆ ಇಂಥ ಲಯದ ಆಟ ಆಡುವ ಪದ್ಧತಿ 1990ರ ದಶಕದ ಕೊನೆಗೆ ಜಪಾನಿನಲ್ಲಿ ಮೊಳೆಯಿತು. 2001ರ ನಂತರ ಕಂಪ್ಯೂಟರ್ ಇದ್ದವರಿಗೆಲ್ಲ ಅದು ಕೈಗೆಟುಕಿತು.

ಈ ವಿಷಯದ ಬರಹಗಳಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ. ಆಟ ತನ್ನ ಪಾಡಿಗೆ ನಡೆಯುತ್ತಿರುವಾಗ ಹಿನ್ನೆಲೆಯಲ್ಲಿ ನಮ್ಮ ಹಾಡು ಕೇಳಿಸುವುದು ಒಂದು. 2001ರ ಎಕ್ಸ್‌ಬಾಕ್ಸ್‌ನಲ್ಲಿ ಸಿಡಿಯ ಹಾಡುಗಳನ್ನು ಹಾರ್ಡ್ ಡಿಸ್ಕ್‌ಗೆ ಇಳಿಸಿಕೊಂಡು ಹೀಗೆ ಮಾಡಬಹುದಿತ್ತು. ಆದರೆ ಹಾಡಿಗೂ ಆಟಕ್ಕೂ ಅಲ್ಲಿ ಸಂಬಂಧವೇ ಇರಲಿಲ್ಲ. ಯಂತ್ರವೇ ಹಾಡನ್ನು ಕೇಳಿ ಹೆಜ್ಜೆಗಳನ್ನು ಹೆಣೆಯುವುದು ಎರಡನೆಯದು. ಹಾಡಿಗೆ ಮನುಷ್ಯ ಕೂತು ಒಂದೊಂದೇ ಹೆಜ್ಜೆ ಬರೆಯುವುದು ಮೂರನೆಯದು. ಮೊದಲನೆಯದನ್ನು ಈ ಇತಿಹಾಸದಿಂದ ಹೊರಗಿಡುವುದೇ ಸರಿ. ಉಳಿದೆರಡನ್ನು ಬೇರ್ಪಡಿಸಿ ನೋಡಿದರೆ ಮಾತ್ರ ಯಾರು ಮೊದಲಿಗರು ಎಂಬ ಪ್ರಶ್ನೆಗೆ ಅರ್ಥ ಬರುತ್ತದೆ.

ಮೊದಲಿಗರು ಯಾರು?

ಕೊನಾಮಿ ಕಂಪನಿಯ ‘ಬೀಟ್‌ಮೇನಿಯಾ’ 1997ರ ಡಿಸೆಂಬರಿನಲ್ಲಿ, ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’ 1998ರಲ್ಲಿ ಜಪಾನಿನ ಗೇಮ್ ಪಾರ್ಲರ್‌ಗಳಿಗೆ ಬಂದವು. ಎರಡನೆಯದು 1999ರ ಏಪ್ರಿಲ್‌ನಲ್ಲಿ ಪ್ಲೇಸ್ಟೇಷನ್ ಮೂಲಕ ಮನೆಯನ್ನೂ ಹೊಕ್ಕಿತು. ಎರಡರಲ್ಲೂ ಇದ್ದದ್ದು ಕಂಪನಿಯ ಹಾಡುಗಳೇ. ಬೇಸರವಾದರೆ ಹೊಸ ಡಿಸ್ಕ್ ಕೊಳ್ಳಬೇಕಿತ್ತು.

ಅಂಗಡಿಯಲ್ಲಿ ಕೊಂಡ ಯಾವುದೇ ಸಂಗೀತದ ಸಿಡಿಯನ್ನು ಆಟದ ಕಚ್ಚಾ ಮಾಲಾಗಿಸಿದ ಶ್ರೇಯ ಸಾಮಾನ್ಯವಾಗಿ ಸಲ್ಲುವುದು 1999ರ ಡಿಸೆಂಬರಿನಲ್ಲಿ ಹೊರಬಂದ ‘ವಿಬ್-ರಿಬ್ಬನ್’ಗೆ. ಇದನ್ನು ಮಾಡಿದ್ದು ಮಸಾಯ ಮತ್ಸುಉರಾ ಅವರ ನಾನಾಆನ್-ಶಾ ಸಂಸ್ಥೆ. ಪ್ಲೇಸ್ಟೇಷನ್‌ಗೆ ಇದ್ದದ್ದು ಒಂದೇ ಡಿಸ್ಕ್ ಡ್ರೈವ್. ಗೇಮಿನ ಡಿಸ್ಕ್ ತೆಗೆದು ಹಾಡಿನ ಸಿಡಿ ಇಟ್ಟರೆ ಗೇಮ್ ಎಲ್ಲಿಂದ ಓಡಬೇಕು? ಅದಕ್ಕೆ ಇಡೀ ಗೇಮನ್ನು ಯಂತ್ರದ 2 ಎಂಬಿ ಮೆಮೊರಿಯೊಳಗೆ ಹಿಡಿಸಿದರು. ಕಪ್ಪು ಪರದೆಯ ಮೇಲೆ ಬಿಳಿ ಗೆರೆಗಳಷ್ಟೇ ಇರುವ ಅದರ ಚಿತ್ರಶೈಲಿಗೂ ಈ ಇಕ್ಕಟ್ಟಿಗೂ ನಂಟಿದೆ. ಹಾಡಿನ ಏರಿಳಿತಕ್ಕೆ ತಕ್ಕಂತೆ ಗೆರೆಯಲ್ಲಿ ಹಳ್ಳ, ದಿಬ್ಬ, ಸುರುಳಿಗಳು ಮೂಡುತ್ತವೆ; ವಿಬ್ರಿ ಎಂಬ ಮೊಲ ಅವನ್ನು ದಾಟುತ್ತದೆ. 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಮೊದಲ ಸಲ ವಿಡಿಯೊ ಗೇಮ್‌ಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಾಗ ಆಯ್ದ 14ರಲ್ಲಿ ಇದೂ ಇತ್ತು.

ಆದರೆ ವಿಬ್-ರಿಬ್ಬನ್‌ನಲ್ಲಿ ಕುಣಿಯುವುದು ಮೊಲ. ಆಡುವವರು ಕೂತು ಗುಂಡಿ ಒತ್ತುತ್ತಾರೆ. ಕಾಲಿನಿಂದಲೇ ಆಡಬೇಕು ಎಂಬ ಷರತ್ತು ಹಾಕಿದರೆ ಹಲವರು ಬೊಟ್ಟು ಮಾಡುವುದು 2006ರ ‘ಡ್ಯಾನ್ಸ್ ಫ್ಯಾಕ್ಟರಿ’ಯತ್ತ. ವೇಲ್ಸ್‌ನ ಬ್ರಾಡ್‌ಸ್ವೋರ್ಡ್ ಸಂಸ್ಥೆ ತಯಾರಿಸಿ, ಕೋಡ್‌ಮಾಸ್ಟರ್ಸ್ ಹೊರತಂದ ಈ ಪ್ಲೇಸ್ಟೇಷನ್ 2 ಗೇಮ್, ಡ್ರೈವಿಗೆ ಹಾಕಿದ ಸಿಡಿಯ ಹಾಡನ್ನು ಅಳೆದು ಮ್ಯಾಟ್‌ಗೆ ಬೇಕಾದ ಬಾಣಗಳನ್ನು ತಾನೇ ಜೋಡಿಸಿ ಕೊಡುತ್ತಿತ್ತು. ಅಂಗಡಿಯಲ್ಲಿ ಮಾರಾಟವಾದ ಗೇಮ್‌ಗಳ ಮಟ್ಟಿಗೆ ಈ ಮಾತು ನಿಲ್ಲುತ್ತದೆ. ಕಂಪ್ಯೂಟರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ನಿಲ್ಲುವುದಿಲ್ಲ. ಮೂರು ವರ್ಷ ಮೊದಲೇ, 2003ರಲ್ಲಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿದ್ಯಾರ್ಥಿ ಕಾರ್ಲ್ ಓಕೀಫ್ ತಮ್ಮ ಪ್ರಾಜೆಕ್ಟ್ ಆಗಿ ‘ಡ್ಯಾನ್ಸಿಂಗ್ ಮಂಕೀಸ್’ ಎಂಬ ಪ್ರೋಗ್ರಾಮ್ ಬರೆದಿದ್ದರು. ಎಂಪಿ3 ಕೊಟ್ಟರೆ ಅದು ಬಿಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಬೀಟ್ ಎಂಬುದನ್ನು ಕಂಡುಹಿಡಿದು ಹೆಜ್ಜೆಗಳ ಫೈಲ್ ತಯಾರಿಸುತ್ತಿತ್ತು. ಹಾಡಿನ ವೇಗ ಆರಂಭದಿಂದ ಕೊನೆಯವರೆಗೆ ಒಂದೇ ಇರಬೇಕೆಂಬುದು ಅದರ ಕಟ್ಟಳೆ. ಈ ಕಟ್ಟಳೆಯೇ ಮುಂದೆ ನಮ್ಮ ಕನ್ನಡ ಹಾಡುಗಳಿಗೆ ತೊಡಕಾದದ್ದು.

ಹಾಡು ಬೇರೆ, ಹೆಜ್ಜೆ ಬೇರೆ

ಸಿಡಿ ಓದುವ ಯಂತ್ರಗಳಿಗೆ ಬರಹಗಾರರು ಎಷ್ಟೇ ಪುಟ ಕೊಟ್ಟರೂ ಈ ಇತಿಹಾಸದ ನಿಜವಾದ ತಿರುವು ಬೇರೆ ಕಡೆ ಇದೆ. ಹೆಜ್ಜೆಗಳನ್ನು ಹಾಡಿನಿಂದ ಬಿಡಿಸಿ, ಯಾರು ಬೇಕಾದರೂ ಓದಿ ತಿದ್ದಬಹುದಾದ ಸಾದಾ ಪಠ್ಯದ ಫೈಲಿನಲ್ಲಿ ಬರೆದಿಡುವುದೇ ಆ ತಿರುವು. 1998ರಲ್ಲಿ ಜಪಾನಿನಲ್ಲಿ ಹುಟ್ಟಿದ ಬಿಎಂಎಸ್ ಎಂಬ ಫೈಲ್ ಮಾದರಿ ಬೀಟ್‌ಮೇನಿಯಾ ಬಗೆಯ ಆಟಗಳಿಗೆ ಇದನ್ನು ತಂದಿತು. ಕಾಲಿನ ಆಟಕ್ಕೆ ‘ಡ್ಯಾನ್ಸ್ ವಿತ್ ಇಂಟೆನ್ಸಿಟಿ’ ಎಂಬ ಕಂಪ್ಯೂಟರ್ ಗೇಮಿನ ಫೈಲುಗಳು ಬಂದವು. 2001ರಲ್ಲಿ ಅಮೆರಿಕದ ಕ್ರಿಸ್ ಡ್ಯಾನ್‌ಫೋರ್ಡ್ ಆರಂಭಿಸಿದ ‘ಸ್ಟೆಪ್‌ಮೇನಿಯಾ’ ಇವೆಲ್ಲವನ್ನೂ ಹಿಂದಿಕ್ಕಿತು. ಈ ಕಂಪ್ಯೂಟರ್ ಗೇಮ್ ಉಚಿತ, ಅದರ ಮೂಲ ಸಂಕೇತವೂ ಮುಕ್ತ.

ಸ್ಟೆಪ್‌ಮೇನಿಯಾದ ಹೆಜ್ಜೆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಮೇಲೆ ಹಾಡಿನ ಹೆಸರು, ಹಾಡಿದವರ ಹೆಸರು, ಮೊದಲ ಬೀಟ್ ಎಷ್ಟು ಸೆಕೆಂಡಿಗೆ ಬೀಳುತ್ತದೆ ಎಂಬ ಸಂಖ್ಯೆ ಮತ್ತು ಬಿಪಿಎಂ ಕಾಣುತ್ತವೆ. ಕೆಳಗೆ ನಾಲ್ಕು ನಾಲ್ಕು ಅಂಕಿಗಳ ಸಾಲುಗಳು. 1000 ಎಂದರೆ ಎಡ, 0100 ಕೆಳಗೆ, 0010 ಮೇಲೆ, 0001 ಬಲ. 1001 ಎಂದರೆ ಎಡಬಲಕ್ಕೆ ಎರಡೂ ಕಾಲು ಒಟ್ಟಿಗೆ ಬೀಳಬೇಕು. ಕಾಲನ್ನು ಒತ್ತಿ ಹಿಡಿಯಬೇಕಾದಲ್ಲಿ 2ರಿಂದ ಶುರು, 3ರಿಂದ ಮುಕ್ತಾಯ. ಇಷ್ಟು ಗೊತ್ತಿದ್ದರೆ ಯಾವ ಹಾಡಿಗಾದರೂ ಹೆಜ್ಜೆ ಬರೆಯಬಹುದು.

ಕಷ್ಟ ಇರುವುದು ಹೆಜ್ಜೆಯಲ್ಲಲ್ಲ, ಅಳತೆಯಲ್ಲಿ. ನಾಲ್ಕು ನಿಮಿಷದ ಹಾಡಿನ ನಿಜವಾದ ವೇಗ 120.1 ಬಿಪಿಎಂ ಇದ್ದು, ಫೈಲಿನಲ್ಲಿ 120 ಎಂದು ಬರೆದರೆ ಹಾಡು ಮುಗಿಯುವ ಹೊತ್ತಿಗೆ ಬಾಣಗಳು ಸುಮಾರು 200 ಮಿಲಿಸೆಕೆಂಡ್ ಹಿಂದೆ ಬಿದ್ದಿರುತ್ತವೆ. ಸ್ಟೆಪ್‌ಮೇನಿಯಾದ ಮೂಲ ಸೆಟ್ಟಿಂಗ್‌ನಲ್ಲಿ ‘ಪರ್ಫೆಕ್ಟ್’ ಅನ್ನಿಸಿಕೊಳ್ಳಲು 45 ಮಿಲಿಸೆಕೆಂಡಿನೊಳಗೆ ಕಾಲಿಡಬೇಕು. 180 ದಾಟಿದರೆ ಹೆಜ್ಜೆ ತಪ್ಪಿದಂತೆಯೇ. ಕಾಲು ಸರಿಯಿದ್ದೂ ಆಟ ಸೋಲುವುದು ಹೀಗೆ. ಬ್ಲೂಟೂತ್ ಸ್ಪೀಕರ್ ಹಚ್ಚಿದರೆ ಧ್ವನಿಯೇ 100 ಮಿಲಿಸೆಕೆಂಡಿಗಿಂತ ತಡವಾಗಿ ಬರುವುದುಂಟು. ಅದಕ್ಕೇ ಎಫ್6 ಕೀಲಿ ಒತ್ತಿ, ಆಡುವವರ ಹೆಜ್ಜೆಗಳ ಸರಾಸರಿಯಿಂದ ಆಟವೇ ತನ್ನನ್ನು ಸರಿಪಡಿಸಿಕೊಳ್ಳುವ ಏರ್ಪಾಡನ್ನು ಒಳಗೇ ಇಟ್ಟಿದ್ದಾರೆ.

ಸ್ಟೆಪ್‌ಮೇನಿಯಾವನ್ನೇ ತಳಪಾಯವಾಗಿಸಿ ರಾಕ್ಸರ್ ಸಂಸ್ಥೆ 2004ರಲ್ಲಿ ‘ಇನ್ ದ ಗ್ರೂವ್’ ಹೊರತಂದಿತು. 2005ರಲ್ಲಿ ಕೊನಾಮಿ ಅದರ ಮೇಲೆ ಟೆಕ್ಸಾಸ್‌ನಲ್ಲಿ ಮೊಕದ್ದಮೆ ಹೂಡಿತು. 2006ರಲ್ಲಿ ರಾಜಿಯಾಗಿ ಗೇಮಿನ ಹಕ್ಕು ಕೊನಾಮಿಗೆ ಹೋಯಿತು. ಉಚಿತ ಪ್ರೋಗ್ರಾಮ್ ಮಾತ್ರ ನಡೆಯುತ್ತಲೇ ಇತ್ತು.

ಕನ್ನಡ ಹಾಡುಗಳ ಲಯ

ಬಳ್ಳಾರಿ ಸೀಮೆಯ ಬುಕ್ಕಸಾಗರ, ಕಂಪ್ಲಿ, ಸಂಡೂರಿನಂಥ ಊರುಗಳ ಮನೆಯ ಸಂಗೀತ ಸಂಗ್ರಹ ರಾಜ್ಯದ ಉಳಿದೆಡೆಯಂತೆಯೇ ಮೂರು ಪದರಗಳಲ್ಲಿ ಬೆಳೆದದ್ದು. ಮೊದಲು ಕ್ಯಾಸೆಟ್: 1978ರ ‘ನಿತ್ಯೋತ್ಸವ’ದಿಂದ ಭಾವಗೀತೆಗಳೂ, 1987ರ ‘ಪ್ರೇಮಲೋಕ’ದ ಹೊತ್ತಿಗೆ ಸಿನಿಮಾ ಹಾಡುಗಳೂ ಮನೆಮನೆಗೆ ತಲುಪಿದ್ದವು. ಆಮೇಲೆ ನೂರಿನ್ನೂರು ಹಾಡು ತುಂಬಿದ ಎಂಪಿ3 ಸಿಡಿ. ಕೊನೆಗೆ ಮೊಬೈಲ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಹಾಡು ಹಾಕಿಸಿಕೊಂಡ ಮೆಮೊರಿ ಕಾರ್ಡ್. ಬಳ್ಳಾರಿ ಸೀಮೆಯ ಕಾರ್ಡಿನಲ್ಲಿ ತೆಲುಗು ಹಾಡುಗಳೂ ಸರಿಸಮ ಇರುತ್ತವೆ. ಇಂಥ ಸಂಗ್ರಹವನ್ನು ಡ್ಯಾನ್ಸ್ ಗೇಮಿಗೆ ಹೂಡುವಾಗ ಎದುರಾಗುವ ತೊಡಕುಗಳನ್ನು ಇಂಗ್ಲಿಷ್ ಪಾಪ್ ಹಾಡುಗಳನ್ನೇ ನೆಚ್ಚಿ ಬರೆದ ಕೈಪಿಡಿಗಳು ಮುಟ್ಟುವುದಿಲ್ಲ.

ಮೊದಲ ತೊಡಕು ವೇಗದ್ದು. ಸಂಗೀತ ನಿರ್ದೇಶಕರಾದ ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರರ ಕಾಲದ ಹಾಡುಗಳನ್ನು ಮದ್ರಾಸಿನ ಸ್ಟುಡಿಯೊಗಳಲ್ಲಿ ವಾದ್ಯವೃಂದ ಒಟ್ಟಿಗೆ ಕೂತು ನುಡಿಸಿತ್ತು. ನುಡಿಸುವವರ ಕಿವಿಗೆ ವೇಗ ಹಿಡಿದುಕೊಡುವ ಯಂತ್ರದ ಟಿಕ್ ಟಿಕ್ ಇರಲಿಲ್ಲ. ಪಲ್ಲವಿಗೂ ಚರಣಕ್ಕೂ ನಡುವೆ ವೇಗ ಕೂದಲೆಳೆಯಷ್ಟು ಏರಿಳಿಯುತ್ತದೆ. ಕೇಳುವಾಗ ಅದು ಹಾಡಿನ ಜೀವ. ಬಾಣ ಜೋಡಿಸುವಾಗ ಮಾತ್ರ ತಲೆನೋವು. 1990ರ ದಶಕದಿಂದ ಕೀಬೋರ್ಡು, ಸೀಕ್ವೆನ್ಸರುಗಳ ಮೇಲೆ ಕಟ್ಟಿದ ಹಾಡುಗಳು ಹೆಚ್ಚಿದ್ದರಿಂದ ಆ ನಂತರದ ಸಿನಿಮಾ ಹಾಡುಗಳನ್ನು ಹೊಂದಿಸುವುದು ಸುಲಭ. ಈ ಸೀಮೆಯ ಮೊಹರಂ ಅಲಾಯಿ ಕುಣಿತದಲ್ಲಂತೂ ಕುಣಿತ ರಂಗೇರಿದಂತೆ ಹಲಗೆಯ ವೇಗವೂ ಏರುತ್ತದೆ. ಅಂಥ ಧ್ವನಿಮುದ್ರಣಕ್ಕೆ ಒಂದೇ ಬಿಪಿಎಂ ಹೊಂದುವುದಿಲ್ಲ. ಎಂಟೋ ಹದಿನಾರೋ ಬೀಟಿಗೊಮ್ಮೆ ಹೊಸ ವೇಗವನ್ನು ಫೈಲಿಗೆ ಸೇರಿಸುತ್ತ ಹೋಗಬೇಕು. ಸ್ಟೆಪ್‌ಮೇನಿಯಾ ಇದಕ್ಕೆ ಅವಕಾಶ ಕೊಡುತ್ತದೆ. ಡ್ಯಾನ್ಸಿಂಗ್ ಮಂಕೀಸ್ ಕೊಡುವುದಿಲ್ಲ.

ಎರಡನೆಯದು ತಾಳದ್ದು. ಈ ಆಟಗಳ ಅಳತೆಪಟ್ಟಿ ನಾಲ್ಕು ಬೀಟಿನದು. ಎಂಟು ಎಣಿಕೆಯ ಆದಿತಾಳ ಎರಡು ಪಟ್ಟಿಗೆ ನೀಟಾಗಿ ಕೂರುತ್ತದೆ. ಏಳು ಎಣಿಕೆಯ ಮಿಶ್ರಛಾಪು ಹಾಗಲ್ಲ: ಏಳು ಪಟ್ಟಿ, ಅಂದರೆ 28 ಬೀಟು ಕಳೆದ ಮೇಲಷ್ಟೇ ತಾಳದ ಮೊದಲ ಪೆಟ್ಟೂ ಪಟ್ಟಿಯ ಮೊದಲ ಗೆರೆಯೂ ಮತ್ತೆ ಸೇರುತ್ತವೆ. ತಿಶ್ರ ನಡೆಗೆ ಒಂದು ಬೀಟನ್ನು ಮೂರಾಗಿ ಒಡೆಯಬೇಕು. ಸ್ಟೆಪ್‌ಮೇನಿಯಾದ ಹೆಜ್ಜೆ ಬರೆಯುವ ಎಡಿಟರಿನಲ್ಲಿ 12ನೆಯ ಭಾಗದ ಗೆರೆಗಳನ್ನು ಆರಿಸಿದರೆ ಅದು ಸಾಧ್ಯ. ಖಂಡಛಾಪು ಇನ್ನೂ ಕಷ್ಟ. ಐದು ಎಣಿಕೆಯನ್ನು ಅರೆಬೀಟುಗಳಾಗಿ ಬರೆದರೆ ಒಂದು ಆವರ್ತ ಎರಡೂವರೆ ಬೀಟು. ಬೀಟಿನ ಮೇಲೆ ಬೀಳುವ ಬಾಣ ಕೆಂಪು, ಅರೆಬೀಟಿನದು ನೀಲಿ ಎಂಬುದು ಆಟದ ವಾಡಿಕೆಯಾದ್ದರಿಂದ, ಒಂದು ಆವರ್ತದಲ್ಲಿ ಕೆಂಪಾಗಿದ್ದ ಅದೇ ಪೆಟ್ಟು ಮುಂದಿನ ಆವರ್ತದಲ್ಲಿ ನೀಲಿಯಾಗುತ್ತದೆ. ಬಣ್ಣ ನಂಬಿ ಆಡುವವರು ಎಡವುತ್ತಾರೆ, ಕಿವಿ ನಂಬಿದವರು ಪಾರಾಗುತ್ತಾರೆ. ಸಂಗೀತ ಕಲಿಯುವ ಮಕ್ಕಳು ಸಪ್ತತಾಳಗಳನ್ನು ಕೈಯಲ್ಲಿ ಹಾಕಿ ಅಭ್ಯಾಸ ಮಾಡುವ ಅಲಂಕಾರಗಳನ್ನು ಪುರಂದರದಾಸರ ಹೆಸರಿನೊಂದಿಗೆ ಸೇರಿಸುವುದು ರೂಢಿ. ಆ ಪಾಠ ಆದವರಿಗೆ ಈ ಎಡಿಟರ್ ಹೊಸದೆನಿಸದು.

ಮೂರನೆಯದು ಪ್ರತಿಯದು. ಟೇಪ್ ರೆಕಾರ್ಡರಿನ ವೇಗ ನೂರಕ್ಕೆ ಒಂದರಷ್ಟು ಹೆಚ್ಚು ಕಡಿಮೆ ಇರುವುದು ಮಾಮೂಲು. 120 ಬಿಪಿಎಂನ ಹಾಡು ಅಂಥ ಯಂತ್ರದಿಂದ ಕಂಪ್ಯೂಟರಿಗೆ ಇಳಿದಾಗ 121.2 ಆಗಬಹುದು, ನಾಲ್ಕು ನಿಮಿಷದ ಕೊನೆಗೆ ಸುಮಾರು 2.4 ಸೆಕೆಂಡಿನ ವ್ಯತ್ಯಾಸ. ಹಾಗಾಗಿ ಕ್ಯಾಸೆಟ್ ಪ್ರತಿಗೆ ಬರೆದ ಹೆಜ್ಜೆ ಸಿಡಿ ಪ್ರತಿಗೆ ಹೊಂದುವುದಿಲ್ಲ. ಹಾಡು ಒಂದೇ ಆದರೂ ಫೈಲು ಅಂಟಿಕೊಂಡಿರುವುದು ಒಂದು ಮುದ್ರಣಕ್ಕೆ.

ಕಾನೂನಿನ ಮಾತು

1957ರ ಭಾರತೀಯ ಕೃತಿಸ್ವಾಮ್ಯ ಕಾಯ್ದೆಯ 52(1)(ಎ) ಕಲಂ, 2012ರ ತಿದ್ದುಪಡಿಯ ನಂತರ, ಕಂಪ್ಯೂಟರ್ ಪ್ರೋಗ್ರಾಮ್ ಬಿಟ್ಟು ಉಳಿದ ಕೃತಿಗಳನ್ನು ಖಾಸಗಿ ಅಥವಾ ವೈಯಕ್ತಿಕ ಬಳಕೆಗೆ ನ್ಯಾಯಯುತವಾಗಿ ಬಳಸಿಕೊಳ್ಳಲು ಅವಕಾಶ ಕೊಡುತ್ತದೆ. ದುಡ್ಡು ಕೊಟ್ಟು ತಂದ ಸಿಡಿಯ ಹಾಡಿಗೆ ಮನೆಯಲ್ಲಿ ಹೆಜ್ಜೆ ಬರೆದು ಕುಣಿಯುವುದನ್ನು ಈ ಕಲಂ ಕಾಯುತ್ತದೆ ಎಂದು ಓದಲು ಅಡ್ಡಿಯಿಲ್ಲ. ಹಾಡು, ಹೆಜ್ಜೆ ಎರಡನ್ನೂ ಕಟ್ಟು ಮಾಡಿ ಊರಿಗೆಲ್ಲ ಹಂಚುವುದು ಬೇರೆ ಮಾತು. ಧ್ವನಿಮುದ್ರಣದ ಪ್ರತಿ ತೆಗೆದು ಸಾರ್ವಜನಿಕರಿಗೆ ಮುಟ್ಟಿಸುವ ಹಕ್ಕು ಅದರ ಒಡೆಯರದು.

ಇತ್ತೀಚೆಗೆ

ಯೂಬಿಸಾಫ್ಟ್‌ನ ‘ಜಸ್ಟ್ ಡ್ಯಾನ್ಸ್’ (2009), ಹಾರ್ಮನಿಕ್ಸ್‌ನ ‘ಡ್ಯಾನ್ಸ್ ಸೆಂಟ್ರಲ್’ (2010) ಜನಪ್ರಿಯವಾದ ಮೇಲೆ ಡ್ಯಾನ್ಸ್ ಗೇಮ್ ಎಂದರೆ ಪರದೆಯ ಮೇಲಿನವರ ಮೈ ಕೈ ಚಲನೆಯನ್ನು ಅನುಕರಿಸುವುದು ಎಂದಾಯಿತು. ನೃತ್ಯ ಸಂಯೋಜಕರು ಒಂದೊಂದು ಹಾಡಿಗೂ ಕೂತು ಹೆಣೆದ ಕುಣಿತವಾದ್ದರಿಂದ ಅಲ್ಲಿ ನಮ್ಮ ಹಾಡಿಗೆ ಜಾಗವಿಲ್ಲ. ಜಿಯೊ ಇಂಟರ್‌ನೆಟ್ ಸೇವೆ 2016ರಲ್ಲಿ ಶುರುವಾಗಿ, ಸ್ಪಾಟಿಫೈ ಸಂಗೀತ ಆ್ಯಪ್ 2019ರಲ್ಲಿ ಭಾರತಕ್ಕೆ ಬಂದ ಮೇಲೆ ಮನೆಯ ಸಂಗ್ರಹವೇ ಕರಗಿತು. ಆ್ಯಪ್‌ನಲ್ಲಿ ಕೇಳುವ ಹಾಡು ಫೈಲಾಗಿ ಕೈಗೆ ಸಿಗುವುದಿಲ್ಲ, ಸಿಗದ ಹಾಡಿಗೆ ಹೆಜ್ಜೆ ಬರೆಯುವಂತಿಲ್ಲ.

ಯಂತ್ರವೇ ಹೆಜ್ಜೆ ಬರೆಯುವ ಹಳೆಯ ಆಸೆ 2017ರಲ್ಲಿ ಮತ್ತೆ ಚಿಗುರಿತು. ಕ್ರಿಸ್ ಡೊನಹ್ಯೂ, ಝಾಕರಿ ಲಿಪ್ಟನ್, ಜೂಲಿಯನ್ ಮೆಕಾಲೆ ಅವರ ‘ಡ್ಯಾನ್ಸ್ ಡ್ಯಾನ್ಸ್ ಕನ್ವಲ್ಯೂಷನ್’ ಪ್ರಬಂಧ, ಆಟಗಾರರು ವರ್ಷಗಟ್ಟಲೆ ಕೈಯಿಂದ ಬರೆದಿಟ್ಟ ಸ್ಟೆಪ್‌ಮೇನಿಯಾ ಫೈಲುಗಳಿಂದಲೇ ಕಂಪ್ಯೂಟರಿಗೆ ಪಾಠ ಹೇಳಿತು: ಎಲ್ಲಿ ಹೆಜ್ಜೆ ಬೀಳಬೇಕು ಎಂಬುದನ್ನು ಮೊದಲು, ಯಾವ ದಿಕ್ಕಿಗೆ ಎಂಬುದನ್ನು ಆಮೇಲೆ. 2018ರ ‘ಬೀಟ್ ಸೇಬರ್’ ಗೇಮಿಗೆ ಸ್ವಂತ ಹಾಡು ಹೊಂದಿಸಿಕೊಡುವ ‘ಬೀಟ್ ಸೇಜ್’ 2020ರಲ್ಲಿ ಇದೇ ದಾರಿ ಹಿಡಿಯಿತು.

ಸ್ಟೆಪ್‌ಮೇನಿಯಾದ ಕವಲುಗಳಾದ ‘ಐಟಿಜಿಮೇನಿಯಾ’, ‘ಪ್ರಾಜೆಕ್ಟ್ ಔಟ್‌ಫಾಕ್ಸ್’ ಇಂದು ವಿಂಡೋಸ್, ಮ್ಯಾಕ್, ಲಿನಕ್ಸ್‌ಗಳಲ್ಲಿ ಉಚಿತವಾಗಿ ಸಿಗುತ್ತವೆ. ಕನ್ನಡ ಹಾಡಿಗೆ ಹೆಜ್ಜೆ ಬರೆಯುವವರು ಸಾಧ್ಯವಾದಷ್ಟು ಸಿಡಿ ಪ್ರತಿಯನ್ನೇ ಆರಿಸಿಕೊಳ್ಳಲಿ. ಅದು ಯಾವ ಕಂಪನಿಯ ಯಾವ ವರ್ಷದ ಮುದ್ರಣ ಎಂಬುದನ್ನು ಫೈಲಿನ ತಲೆಯಲ್ಲೇ ಒಂದು ಸಾಲಿನಲ್ಲಿ ನಮೂದಿಸಲಿ.