ಕೆರೆಯಿಂದ ಇಂಗುವ ನೀರು: ಅಂದಾಜು ಮಾಡುವುದು ಹೇಗೆ?

ಕೆರೆ ತುಂಬಿದರೆ ಏರಿಯ ಕೆಳಗಿನ ಬಾವಿ, ಬೋರುಗಳಲ್ಲಿ ನೀರು ಏರುತ್ತದೆ ಎಂಬುದು ಮಡಕಶಿರಾ, ರಾಯದುರ್ಗ ಸೀಮೆಯ ರೈತರಿಗೆ ಹೊಸ ಮಾತಲ್ಲ. ಆದರೆ ಒಂದು ಕೆರೆಯಿಂದ ಎಷ್ಟು ನೀರು ಭೂಮಿಗೆ ಇಂಗುತ್ತದೆ, ಅದರಿಂದ ಎಷ್ಟು ಬೋರು ಬದುಕಬಹುದು ಎಂಬ ಲೆಕ್ಕ ಬಹಳ ಊರುಗಳಲ್ಲಿ ಇಲ್ಲ. ಅಂದಾಜು ಹೆಚ್ಚಾದರೆ ಬೋರುಗಳೂ ಹೆಚ್ಚುತ್ತವೆ. ನಷ್ಟ ಕಾಣುವುದು ಬೆಳೆ ಒಣಗಿದ ಮೇಲೆ.

ಸರಕಾರಿ ಲೆಕ್ಕದ ಸೂತ್ರ

ಕೇಂದ್ರ ಸರಕಾರದ ಅಂತರ್ಜಲ ಅಂದಾಜು ಸಮಿತಿಯ ವಿಧಾನ ಮೊದಲು 1984ರಲ್ಲಿ ಬಂತು. 1997 ಮತ್ತು 2015ರಲ್ಲಿ ಅದನ್ನು ಪರಿಷ್ಕರಿಸಲಾಯಿತು. ಅದರ ಪ್ರಕಾರ ಕೆರೆಯಲ್ಲಿ ನೀರಿರುವಷ್ಟು ದಿನ, ನೀರು ಹರಡಿದ ಸರಾಸರಿ ವಿಸ್ತೀರ್ಣದ ಮೇಲೆ ದಿನಕ್ಕೆ 1.4 ಮಿ.ಮೀ. ಇಂಗುತ್ತದೆ ಎಂದು ಹಿಡಿಯಬೇಕು. ಸರಾಸರಿ ವಿಸ್ತೀರ್ಣ ಗೊತ್ತಿಲ್ಲದಿದ್ದರೆ ಕೆರೆ ತುಂಬಿದಾಗಿನ ವಿಸ್ತೀರ್ಣದ ಶೇ. 60 ತೆಗೆದುಕೊಳ್ಳಬಹುದು. ನೀರು ಇಂಗಿಸಲೆಂದೇ ಕಟ್ಟಿದ ಜಿನುಗು ಕೆರೆಗಳಿಗೆ ಬೇರೆ ಸೂತ್ರ: ಎಷ್ಟು ಸಲ ತುಂಬಿತು ಎಂಬುದನ್ನು ಸೇರಿಸಿ ಒಟ್ಟು ಸಂಗ್ರಹದ ಶೇ. 40.

ಒಂದು ಉದಾಹರಣೆ ನೋಡೋಣ. ತುಂಬಿದಾಗ 100 ಹೆಕ್ಟೇರ್ ಹರಡುವ ಕೆರೆಯಲ್ಲಿ 150 ದಿನ ನೀರಿತ್ತು ಎನ್ನಿ. ಸರಾಸರಿ ವಿಸ್ತೀರ್ಣ 60 ಹೆಕ್ಟೇರ್. 150 ದಿನಕ್ಕೆ 210 ಮಿ.ಮೀ. ಇಂಗಿದರೆ ಒಟ್ಟು 1,26,000 ಘನ ಮೀಟರ್ ನೀರು. ದಿನಕ್ಕೆ 50 ಘನ ಮೀಟರ್ ಎತ್ತುವ ಒಂದು ಬೋರು 120 ದಿನದ ಬೆಳೆಗೆ 6,000 ಘನ ಮೀಟರ್ ಬಳಸುತ್ತದೆ. ಅಂದರೆ ಇಷ್ಟು ದೊಡ್ಡ ಕೆರೆಯ ಇಂಗುನೀರು ಒಂದು ಬೆಳೆಗೆ 21 ಬೋರುಗಳಿಗೆ ಮಾತ್ರ ಸಾಕು.

ಕೆರೆಯಲ್ಲೇ ಅಳೆಯುವುದು

1.4 ಮಿ.ಮೀ. ಎಂಬುದು ಸ್ಥಳೀಯ ಅಧ್ಯಯನ ಇಲ್ಲದ ಕಡೆ ಬಳಸುವ ಅಂಕಿ. ಊರಿನ ಕೆರೆಯಲ್ಲಿ ನಿಜವಾಗಿ ಎಷ್ಟು ಇಂಗುತ್ತದೆ ಎಂದು ತಿಳಿಯಲು ನೀರಿನ ಜಮಾ-ಖರ್ಚು ಬರೆಯಬೇಕು. ಮಳೆ ಇಲ್ಲದ, ಹಳ್ಳದ ಹರಿವು ನಿಂತ, ತೂಬು ಮುಚ್ಚಿದ, ಕೆರೆಯಿಂದ ಯಾರೂ ಪಂಪಿನಲ್ಲಿ ನೀರೆತ್ತದ ದಿನಗಳನ್ನು ಆರಿಸಿಕೊಳ್ಳಿ. ತೂಬಿನ ಬಳಿ ಅಳತೆಗೋಲು ನೆಟ್ಟು ಪ್ರತಿದಿನ ಒಂದೇ ಹೊತ್ತಿಗೆ ಮಟ್ಟ ಬರೆದಿಡಿ. ಇಳಿದ ಮಟ್ಟದಲ್ಲಿ ಆವಿಯಾದ ಪಾಲು ಕಳೆದರೆ ಉಳಿದದ್ದು ಇಂಗಿದ್ದು.

ಆವಿಯ ಅಂಕಿ ಹವಾಮಾನ ಕೇಂದ್ರದ ಆವಿ ತೊಟ್ಟಿಯಿಂದ ಸಿಗುತ್ತದೆ. ತೊಟ್ಟಿ ಬೇಗ ಕಾಯುವುದರಿಂದ ಅದನ್ನು ಸಾಮಾನ್ಯವಾಗಿ 0.7ರಿಂದ ಗುಣಿಸಬೇಕು. ಹತ್ತು ದಿನದಲ್ಲಿ ಮಟ್ಟ 90 ಮಿ.ಮೀ. ಇಳಿಯಿತು, ತೊಟ್ಟಿಯಲ್ಲಿ ದಿನಕ್ಕೆ 8 ಮಿ.ಮೀ. ಆವಿಯಾಯಿತು ಎಂದರೆ ಕೆರೆಯಿಂದ ಆವಿಯಾದದ್ದು 56 ಮಿ.ಮೀ. ಉಳಿದ 34 ಮಿ.ಮೀ., ಅಂದರೆ ದಿನಕ್ಕೆ 3.4 ಮಿ.ಮೀ., ಇಂಗಿದೆ. ಕೆರೆ ತುಂಬಿದಾಗ ಒಮ್ಮೆ, ಅರ್ಧವಾದಾಗ ಒಮ್ಮೆ ಅಳೆಯುವುದು ಒಳ್ಳೆಯದು. ನೀರಿನ ಆಳ ಇಳಿದಂತೆ ಇಂಗುವ ವೇಗವೂ ಇಳಿಯುತ್ತದೆ; ತಳದ ಹೂಳು ಜೇಡಿಯಾಗಿದ್ದರೆ ಇನ್ನೂ ಕಡಿಮೆ.

ಇಂಗಿದ್ದೆಲ್ಲ ಅಂತರ್ಜಲವಲ್ಲ

ಇಂಗಿದ ನೀರಿನಲ್ಲಿ ಒಂದು ಪಾಲು ಏರಿಯಡಿಯಿಂದ ಜಿನುಗಿ ಹಳ್ಳಕ್ಕೆ ಸೇರುತ್ತದೆ. ಮತ್ತೊಂದು ಪಾಲನ್ನು ಮರಗಿಡಗಳ ಬೇರು ಹೀರುತ್ತದೆ. ಆದ್ದರಿಂದ ಬಾವಿಗಳ ಸಾಕ್ಷಿಯೂ ಬೇಕು. ಕೆರೆ ಕೆಳಗಿನ ಬಾವಿಗಳ ಏರಿಕೆಯನ್ನು, ಅಷ್ಟೇ ಮಳೆ ಬಿದ್ದರೂ ಕೆರೆಯ ಪ್ರಭಾವ ಇಲ್ಲದ ದೂರದ ಬಾವಿಗಳ ಏರಿಕೆಯೊಡನೆ ಹೋಲಿಸಬೇಕು. ಆ ಅವಧಿಯಲ್ಲಿ ಎತ್ತಿದ ನೀರನ್ನೂ ಲೆಕ್ಕಕ್ಕೆ ಸೇರಿಸಬೇಕು.

ಇಲ್ಲಿ ಕಲ್ಲಿನ ಗುಣ ಮುಖ್ಯ. ಜೇಡಿ ಕಡಿಮೆ ಇರುವ ಶಿಥಿಲ ಗ್ರಾನೈಟ್, ನೈಸ್ ಪದರದಿಂದ ಬಸಿದು ಸಿಗುವ ನೀರು ಅದರ ಗಾತ್ರದ ಸುಮಾರು ಶೇ. 3, ಜೇಡಿ ಹೆಚ್ಚಿದ್ದರೆ ಶೇ. 1.5. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಶಿಥಿಲ ಬಸಾಲ್ಟ್‌ಗೆ ಶೇ. 2, ಕಾಸರಗೋಡಿನ ಮುರಕಲ್ಲಿಗೆ ಶೇ. 2.5 ಹಿಡಿಯುತ್ತಾರೆ. ಮೇಲಿನ ಉದಾಹರಣೆಯ 1,26,000 ಘನ ಮೀಟರ್ ನೀರು ಶೇ. 3ರ ಪದರದಲ್ಲಿ 1,000 ಹೆಕ್ಟೇರಿಗೆ ಹರಡಿದರೆ ಬಾವಿ ಮಟ್ಟ ಏರುವುದು 42 ಸೆಂ.ಮೀ. ಕೆರೆಗೆ ಹತ್ತಿರದ ಬಾವಿಯಲ್ಲಿ ಎರಡು ಮೂರು ಮೀಟರ್ ಏರಿದ್ದನ್ನು ಕಂಡು ಇಡೀ ಅಚ್ಚುಕಟ್ಟಿಗೂ ಅದೇ ಅಂಕಿ ಹಾಕಿದರೆ ಲೆಕ್ಕ ತಪ್ಪುತ್ತದೆ.

ತೂಬಿನಿಂದ ಬಿಟ್ಟ ನೀರು ಗದ್ದೆಯಲ್ಲಿ ಇಂಗುವುದು ಬೇರೆ ಬಾಬ್ತು. ಅದನ್ನು ಕೆರೆಯ ಇಂಗಿಗೆ ಸೇರಿಸಿದರೆ ಒಂದೇ ನೀರನ್ನು ಎರಡು ಸಲ ಎಣಿಸಿದಂತಾಗುತ್ತದೆ.

ಈ ಲೆಕ್ಕ ಏಕೆ ಬೇಕು?

ವರ್ಷಕ್ಕೆ ಎತ್ತಬಹುದಾದ ಅಂತರ್ಜಲದಲ್ಲಿ ಶೇ. 70ರವರೆಗೆ ಎತ್ತುವ ಪ್ರದೇಶ ಸುರಕ್ಷಿತ, ಶೇ. 100 ಮೀರಿದರೆ ಅತಿ ಬಳಕೆಯ ಪ್ರದೇಶ ಎಂದು ಸರಕಾರ ಗುರುತಿಸುತ್ತದೆ. ಕೆರೆಯ ಇಂಗನ್ನು ಹೆಚ್ಚಾಗಿ ಹಿಡಿದರೆ ಕಾಗದದ ಮೇಲೆ ಊರು ಸುರಕ್ಷಿತವಾಗುತ್ತದೆ, ಬೋರು ಮಾತ್ರ ಬತ್ತುತ್ತದೆ. ಒಂದು ಅಳತೆಗೋಲು, ಒಂದು ದಫ್ತರು, ನಾಲ್ಕಾರು ಬಾವಿಗಳ ಮಟ್ಟ: ಎರಡು ಮೂರು ವರ್ಷ ಇಷ್ಟನ್ನು ಬರೆದಿಟ್ಟ ಊರು, ಕೆರೆ ಅರ್ಧ ತುಂಬಿದ ವರ್ಷ ಎಷ್ಟು ಎಕರೆಗೆ ಬೆಳೆ ಇಡಬಹುದು ಎಂದು ಬಿತ್ತನೆಗೆ ಮೊದಲೇ ತೀರ್ಮಾನಿಸಬಹುದು.