ಓಲಾವ್: ಹಿರಿಯರು ಬಿಟ್ಟುಹೋದ ಹೆಸರು

'ಓಲಾಫ್' ಎಂಬ ಹೆಸರನ್ನು ನೀವು ಕೇಳಿಲ್ಲವಾದರೆ ನಿಮ್ಮ ಮನೆಯ ಮಕ್ಕಳನ್ನು ವಿಚಾರಿಸಿ ನೋಡಿ. 2013ರಲ್ಲಿ ತೆರೆಕಂಡ 'ಫ್ರೋಜನ್' ಎಂಬ ಅನಿಮೇಷನ್ ಚಿತ್ರದಲ್ಲಿ ಗಜ್ಜರಿ ಮೂಗಿನ, ಬೇಸಿಗೆಯನ್ನು ಕಾಣಲು ಹಂಬಲಿಸುವ ಹಿಮದ ಗೊಂಬೆಯೊಂದಿದೆ. ಅದರ ಹೆಸರೇ ಓಲಾಫ್. ಈ ನಗೆಯ ಗೊಂಬೆಗೆ ಬರುವ ಮೊದಲು ಇದೇ ಹೆಸರು ಒಂದು ಸಾವಿರ ವರ್ಷಗಳಿಗೂ ಮಿಕ್ಕಿ ರಾಜರಿಗೆ, ಕಡಲ್ಗಳ್ಳರಿಗೆ, ಪಶ್ಚಾತ್ತಾಪಪಟ್ಟ ಪಾಪಿಗಳಿಗೆ ಹಾಗೂ ಒಬ್ಬ ಸಂತನಿಗೆ ಸಂದಿತ್ತು. ಬೈಬಲಿನಲ್ಲಿ ಎಲ್ಲಿಯೂ ಇಲ್ಲದ, ಕ್ರಿಸ್ತನನ್ನು ಅರಿಯದ ಜನರು ಕಟ್ಟಿದ ಆ ಹೆಸರು ಕ್ರೈಸ್ತರ ಹೆಸರಾದದ್ದು ಹೇಗೆ ಎಂಬುದನ್ನು ನಿಮ್ಮೊಡನೆ ಹಂಚಿಕೊಳ್ಳುವ ಆಸೆ ನನ್ನದು.

ನಾರ್ವೆಯವರು ಇದನ್ನು ಓಲಾವ್ ಎನ್ನುತ್ತಾರೆ. ಸ್ವೀಡನ್ನಿನಲ್ಲಿ ಓಲೋಫ್, ಡೆನ್ಮಾರ್ಕಿನಲ್ಲಿ ಓಲುಫ್, ಐಸ್‌ಲ್ಯಾಂಡಿನಲ್ಲಿ ಓಲಾಫುರ್, ಫಿನ್ಲೆಂಡಿನಲ್ಲಿ ಓಲಾವಿ. ಇವೆಲ್ಲಕ್ಕೂ ಮೂಲವಾದ ಪ್ರಾಚೀನ ರೂಪವನ್ನು ಭಾಷಾಶಾಸ್ತ್ರಜ್ಞರು 'ಅನು-ಲೈಬಜ್' ಎಂದು ಪುನರ್ರಚಿಸಿದ್ದಾರೆ. ಮೊದಲ ಪದಕ್ಕೆ ಪೂರ್ವಜ ಎಂದರ್ಥ. ಎರಡನೆಯದಕ್ಕೆ ಉಳಿದದ್ದು, ಬಿಟ್ಟುಹೋದದ್ದು ಎಂದರ್ಥ. ಸತ್ತ ಹಿರಿಯನು ಈ ಲೋಕದಲ್ಲಿ ಬಿಟ್ಟುಹೋದ ಉಳಿಕೆಯೇ ಓಲಾವ್, ಅಂದರೆ ವಂಶದ ಕುಡಿ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮಗೆ ಈ ಭಾವನೆ ಅಪರಿಚಿತವೇನಲ್ಲ. ಆದರೆ ಆ ಉತ್ತರದ ಜನರಲ್ಲಿ ಅದು ಕೇವಲ ನೆನಪಿನ ಮಾತಾಗಿರಲಿಲ್ಲ. ಹೆಸರಿನೊಡನೆ ಸತ್ತವನ ಅದೃಷ್ಟವೂ ಬಲವೂ ಮಗುವಿಗೆ ಬರುತ್ತವೆಂದು ಅವರು ನಂಬಿದ್ದರು.

ಸಂತ ಓಲಾವನ ಹುಟ್ಟಿನ ಸುತ್ತಲೇ ಇಂತಹ ಕಥೆಯೊಂದು ಬೆಳೆದಿತ್ತು. ಗೈರ್‌ಸ್ಟಾಡ್ ಎಂಬಲ್ಲಿ ಓಲಾವ್ ಎಂಬ ಹಳೆಯ ಅರಸನೊಬ್ಬನ ಸಮಾಧಿ ದಿಬ್ಬವಿತ್ತಂತೆ. ಒಬ್ಬನು ಆ ದಿಬ್ಬವನ್ನು ಒಡೆದು, ಒಳಗಿದ್ದ ಕತ್ತಿ, ಉಂಗುರ ಮತ್ತು ನಡುಪಟ್ಟಿಯನ್ನು ಹೊರತಂದನಂತೆ. ಪ್ರಸವವೇದನೆಯಲ್ಲಿದ್ದ ಓಸ್ತಾ ಎಂಬ ರಾಜಸ್ತ್ರೀಗೆ ಆ ನಡುಪಟ್ಟಿಯನ್ನು ತೊಡಿಸಲು ಮಗು ಸುಖವಾಗಿ ಹುಟ್ಟಿತು, ಅದಕ್ಕೆ ಓಲಾವ್ ಎಂದೇ ಹೆಸರಿಟ್ಟರು. ಮುಂದೆ ಆ ಮಗು ಕ್ರೈಸ್ತ ರಾಜನಾಗಿ ಅದೇ ದಿಬ್ಬದ ಬಳಿ ಕುದುರೆಯ ಮೇಲೆ ಹೋಗುತ್ತಿದ್ದಾಗ ಜೊತೆಯಲ್ಲಿದ್ದವನೊಬ್ಬ ಕೇಳಿದನಂತೆ: ತಮ್ಮನ್ನು ಹಿಂದೆ ಇಲ್ಲಿಯೇ ಹೂಳಲಾಗಿತ್ತಲ್ಲವೇ ಎಂದು. ರಾಜನು ಕಳವಳದಿಂದ ಆ ಮಾತನ್ನು ಅಲ್ಲಗಳೆದು ವೇಗವಾಗಿ ಮುಂದೆ ಸಾಗಿದನೆಂದು ಕಥೆ ಹೇಳುತ್ತದೆ. ಇದು ಮಧ್ಯಯುಗದ ಐಸ್‌ಲ್ಯಾಂಡಿನ ಹಸ್ತಪ್ರತಿಯಲ್ಲಿ ಉಳಿದ ಕಥೆ, ಚರಿತ್ರೆಯಲ್ಲ. ಆದರೂ ಆ ಹೆಸರಿನ ಭಾರ ಎಷ್ಟಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ.

ಓಲಾವ್ ಹರಾಲ್ಡ್‌ಸನ್ ಹುಟ್ಟಿದ್ದು ಸುಮಾರು 995ರಲ್ಲಿ. ಹದಿಹರೆಯದಲ್ಲಿಯೇ ಹಡಗೇರಿ ಕಡಲ ದಾಳಿಗೆ ಹೊರಟವನು ಅವನು. ಇಂಗ್ಲೆಂಡಿನಲ್ಲಿ ಕೂಲಿಗೆ ಕಾದಾಡಿದ. ಫ್ರಾನ್ಸಿನ ರುವಾನ್ ನಗರದಲ್ಲಿ ದೀಕ್ಷಾಸ್ನಾನ ಪಡೆದನೆಂಬುದು ಪರಂಪರೆ. 1015ರಲ್ಲಿ ನಾರ್ವೆಗೆ ಮರಳಿ ರಾಜನಾದ. ಧರ್ಮಾಧ್ಯಕ್ಷ ಗ್ರಿಮ್‌ಕೆಲ್‌ರ ನೆರವಿನಿಂದ, ಮೋಸ್ಟರ್ ದ್ವೀಪದಲ್ಲಿ 1024ರಲ್ಲಿ ಕೂಡಿದ ಸಭೆಯಲ್ಲಿ ಕ್ರೈಸ್ತ ಶಾಸನಗಳನ್ನು ಜಾರಿಗೆ ತಂದನೆಂದು ಹೇಳಲಾಗುತ್ತದೆ. ಬೇಡವಾದ ಹಸುಗೂಸುಗಳನ್ನು ಕಾಡಿನಲ್ಲಿ ಸಾಯಲು ಬಿಟ್ಟುಬರುವ ಹಳೆಯ ಪದ್ಧತಿಗೆ ಆ ಶಾಸನಗಳು ತಡೆಯೊಡ್ಡಿದವು. ಅಷ್ಟಕ್ಕಾದರೂ ನಾವು ಅವನಿಗೆ ಋಣಿಗಳು.

ಆದರೆ ಸಂತರ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಬೇಗ ದಾಟಿಹೋಗುವ ಪುಟಗಳನ್ನೂ ನಾವಿಲ್ಲಿ ಓದಬೇಕಾಗುತ್ತದೆ. ಸುಮಾರು 1230ರಲ್ಲಿ ಐಸ್‌ಲ್ಯಾಂಡಿನ ಸ್ನೋರಿ ಸ್ಟರ್ಲುಸನ್ ಬರೆದ ರಾಜರ ಚರಿತ್ರೆ 'ಹೇಮ್‌ಸ್ಕ್ರಿಂಗ್ಲಾ' ಈ ಓಲಾವನನ್ನು ಸೌಮ್ಯನೆಂದು ಬಣ್ಣಿಸುವುದಿಲ್ಲ. ದೀಕ್ಷೆಯನ್ನು ಒಪ್ಪದವರ ಊರುಗಳನ್ನು ಸುಟ್ಟ, ಕೆಲವರ ಅಂಗಗಳನ್ನು ಕತ್ತರಿಸಿದ, ಕೆಲವರನ್ನು ಕೊಂದ. ತನ್ನ ವಿರುದ್ಧ ಪಿತೂರಿ ನಡೆಸಿದ ಸಣ್ಣ ಅರಸರನ್ನು ಸೆರೆಹಿಡಿದು, ರೋರೆಕ್ ಎಂಬವನ ಕಣ್ಣು ಕೀಳಿಸಿದ, ಗುಡ್ರೋಡ್ ಎಂಬವನ ನಾಲಗೆ ಕೊಯ್ಸಿದ. ಕುರುಡನಾದ ರೋರೆಕ್ ದೂರದ ಐಸ್‌ಲ್ಯಾಂಡಿಗೆ ಗಡೀಪಾರಾಗಿ ಅಲ್ಲಿಯೇ ತೀರಿಕೊಂಡ. ಅವನಿಗಿಂತ ಮುಂಚೆ ಇದೇ ಹೆಸರಿನ ಇನ್ನೊಬ್ಬ ರಾಜ, 995ರಿಂದ 1000ದವರೆಗೆ ಆಳಿದ ಓಲಾವ್ ಟ್ರಿಗ್ವಾಸನ್, ಇದೇ ಬಲವಂತದ ದಾರಿಯನ್ನು ತುಳಿದಿದ್ದ. ಕತ್ತಿಯ ತುದಿಯಲ್ಲಿ ಸುವಾರ್ತೆ ಸಾರಿದ್ದನ್ನು ಕಾಲವೇ ಹಾಗಿತ್ತು ಎಂದು ಹೇಳಿ ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ. ಕಾಲ ಹಾಗಿದ್ದುದು ನಿಜ. ಕಣ್ಣು ಕಳೆದುಕೊಂಡವನಿಗೆ ಅದರಿಂದ ಏನೂ ದೊರೆಯಲಿಲ್ಲ.

ಇದೇ ರಾಜನ ಮನೆಯಲ್ಲಿ ನಡೆದ ಒಂದು ನಾಮಕರಣದ ಪ್ರಸಂಗವನ್ನು ಸ್ನೋರಿ ಬಹಳ ಸೊಗಸಾಗಿ ಹೇಳುತ್ತಾನೆ. ಅಲ್ಫ್‌ಹಿಲ್ಡ್ ಎಂಬ ಸೇವಕಿಯಲ್ಲಿ ರಾಜನಿಗೆ ಒಂದು ಗಂಡುಮಗು ಹುಟ್ಟಿತು. ನಡುರಾತ್ರಿ. ಮಗು ಉಸಿರಾಡುತ್ತಿದೆಯೋ ಇಲ್ಲವೋ ತಿಳಿಯದಂತಹ ಸ್ಥಿತಿ. ತಡಮಾಡದೆ ದೀಕ್ಷಾಸ್ನಾನ ಕೊಡಬೇಕೆಂದರು ಗುರುಗಳು. ಹೆಸರು ಹೇಳಬೇಕಾದ ರಾಜ ನಿದ್ರಿಸುತ್ತಿದ್ದಾನೆ, ಅವನನ್ನು ಎಬ್ಬಿಸುವ ಧೈರ್ಯ ಯಾರಿಗೂ ಇಲ್ಲ. ಕೊನೆಗೆ ಆಸ್ಥಾನಕವಿ ಸಿಗ್ವಾಟ್ ತಾನೇ ಹೊಣೆ ಹೊತ್ತು 'ಮ್ಯಾಗ್ನಸ್' ಎಂದು ಹೆಸರು ಕೊಟ್ಟ. ಬೆಳಗಾದಾಗ ರಾಜನಿಗೆ ಸಿಟ್ಟೇ ಸಿಟ್ಟು. ತನ್ನನ್ನು ಕೇಳದೆ ದೀಕ್ಷೆ ಕೊಟ್ಟದ್ದೇಕೆ, ನಮ್ಮ ವಂಶದಲ್ಲಿಯೇ ಇಲ್ಲದ ಹೆಸರು ಇಟ್ಟದ್ದೇಕೆ ಎಂದು ಗದರಿದ. ಮಗು ದೀಕ್ಷೆಯಿಲ್ಲದೆ ಸತ್ತು ಸೈತಾನನ ಪಾಲಾಗುವುದಕ್ಕಿಂತ ತನ್ನ ತಲೆ ಹೋದರೂ ಆದೀತು, ಆಗ ಇಬ್ಬರೂ ದೇವರ ಬಳಿ ಸೇರುತ್ತೇವೆ ಎಂಬರ್ಥದಲ್ಲಿ ಕವಿ ಉತ್ತರಿಸಿದ. ಹೆಸರನ್ನು ಆರಿಸಿದ್ದು ಲೋಕದ ಅತ್ಯುತ್ತಮ ಅರಸ ಕಾರ್ಲ್ ಮ್ಯಾಗ್ನಸನ ನೆನಪಿಗಾಗಿ ಎಂದೂ ಸೇರಿಸಿದ. ರಾಜ ಸಮಾಧಾನಗೊಂಡ. 'ಮ್ಯಾಗ್ನಸ್' ಎಂಬುದು ಹೆಸರೇ ಅಲ್ಲ, ಲತೀನಿನಲ್ಲಿ 'ಮಹಾನ್' ಎಂಬ ಬಿರುದು. ಅದು ಅಂದು ಆ ಮನೆಯಲ್ಲಿ ಯಾರಿಗೂ ತಿಳಿದಿದ್ದಂತಿಲ್ಲ!

ವಾಚಕರೇ, ಹೀಗೆ ಹಿರಿಯರ ಹೆಸರನ್ನು ಹೊತ್ತವನ ಮಗನಿಗೇ ಹಿರಿಯರಲ್ಲಿ ಯಾರದೂ ಅಲ್ಲದ ಹೆಸರು ಬಂದಿತು. ಕ್ರೈಸ್ತ ಹೆಸರೆಂದರೆ ಯಾವುದು ಎಂಬ ಪ್ರಶ್ನೆ ನಮ್ಮ ಧರ್ಮಕೇಂದ್ರಗಳಲ್ಲಿಯೂ ಏಳುವುದುಂಟು. 1917ರ ಧರ್ಮಸಭೆಯ ಕಾನೂನು ಮಗುವಿಗೆ ಕ್ರೈಸ್ತ ಹೆಸರಿಡುವಂತೆ ಗುರುಗಳು ನೋಡಿಕೊಳ್ಳಬೇಕು, ಆಗದಿದ್ದರೆ ಸಂತರೊಬ್ಬರ ಹೆಸರನ್ನು ಸೇರಿಸಬೇಕು ಎಂದು ವಿಧಿಸಿತ್ತು. 1983ರ ಕಾನೂನು ಕೇಳುವುದು ಇಷ್ಟೇ: ಆ ಹೆಸರು ಕ್ರೈಸ್ತ ಭಾವನೆಗೆ ಹೊರತಾಗಿರಬಾರದು. ಓಲಾವ್ ಎಂಬ ಹೆಸರಾದರೋ ಈ ಎರಡೂ ಕಾನೂನುಗಳಿಗೆ ಶತಮಾನಗಳ ಮೊದಲೇ ತನ್ನ ದಾರಿಯನ್ನು ಕಂಡುಕೊಂಡಿತ್ತು. ಅದು ಗೆಲುವಿನ ದಾರಿಯಾಗಿರಲಿಲ್ಲ.

1028ರಲ್ಲಿ ಡೆನ್ಮಾರ್ಕ್ ಮತ್ತು ಇಂಗ್ಲೆಂಡುಗಳ ರಾಜ ಕ್ನೂಟ್ ನಾರ್ವೆಯ ಮುಖಂಡರನ್ನು ತನ್ನೆಡೆಗೆ ಸೆಳೆದುಕೊಂಡ. ಓಲಾವ್ ರಷ್ಯದ ಅರಸ ಯಾರೊಸ್ಲಾವನಲ್ಲಿ ಆಶ್ರಯ ಪಡೆದ. ಎರಡು ವರ್ಷಗಳ ನಂತರ ಸಣ್ಣ ಸೈನ್ಯದೊಡನೆ ಮರಳಿದವನನ್ನು ಸ್ಟಿಕ್ಲೆಸ್ಟಾಡ್ ಎಂಬಲ್ಲಿ ಅವನ ಸ್ವಂತ ಪ್ರಜೆಗಳಾದ ರೈತರೂ ನಾಯಕರೂ ಎದುರಿಸಿದರು. ಅವರಲ್ಲಿ ಅನೇಕರು ಕ್ರೈಸ್ತರೇ ಆಗಿದ್ದರು. 1030ರ ಜುಲೈ 29ರಂದು ಮೂರು ಗಾಯಗಳಿಂದ ಓಲಾವ್ ಹತನಾದ. ಆ ವೇಳೆ ಸೂರ್ಯನಿಗೆ ಕತ್ತಲು ಕವಿಯಿತೆಂದು ಸ್ನೋರಿ ಬರೆಯುತ್ತಾನೆ. ಖಗೋಳ ಲೆಕ್ಕದ ಪ್ರಕಾರ ಆ ಗ್ರಹಣವಾದದ್ದು ಆಗಸ್ಟ್ 31ರಂದು. ಜನರ ನೆನಪು ಒಂದು ತಿಂಗಳ ಅಂತರವನ್ನು ಅಳಿಸಿಹಾಕಿತು, ಅಷ್ಟೇ.

ಮುಂದೆ ಕ್ನೂಟನ ಮಗ ಸ್ವೇನ್ ಮತ್ತು ಅವನ ತಾಯಿ ಅಲ್ಫೀವಾಳ ಆಡಳಿತ ಬಂದಿತು. ತೆರಿಗೆಗಳು ಹೆಚ್ಚಿದವು. ನ್ಯಾಯಾಲಯದಲ್ಲಿ ಒಬ್ಬ ಡೇನನ ಸಾಕ್ಷ್ಯಕ್ಕೆ ಹತ್ತು ನಾರ್ವೇಜಿಯನ್ನರ ಸಾಕ್ಷ್ಯವನ್ನು ತಳ್ಳಿಹಾಕುವ ಬಲವಿತ್ತೆಂದು ಸ್ನೋರಿ ಹೇಳುತ್ತಾನೆ. ಕೊಂದವರೇ ಸತ್ತವನನ್ನು ನೆನೆಯತೊಡಗಿದರು. ಗುಟ್ಟಾಗಿ ಹೂಳಿದ್ದ ದೇಹವನ್ನು ಧರ್ಮಾಧ್ಯಕ್ಷ ಗ್ರಿಮ್‌ಕೆಲ್ ಹೊರತೆಗೆಸಿದಾಗ ಅದು ಕೊಳೆತಿರಲಿಲ್ಲ, ಕೂದಲು ಉಗುರುಗಳು ಬೆಳೆದಿದ್ದವು ಎಂದರು ಜನ. ಮರಳಿನಲ್ಲಿ ಹೂಳಿದ ದೇಹ ನಿಧಾನವಾಗಿ ಕೊಳೆಯುತ್ತದೆ ಎಂದು ಅಲ್ಫೀವಾ ಸಂಶಯಪಟ್ಟಳು. ಅವಳ ಆಕ್ಷೇಪವನ್ನೂ ಬರೆದಿಟ್ಟ ಸ್ನೋರಿಯ ಪ್ರಾಮಾಣಿಕತೆ ಮೆಚ್ಚತಕ್ಕದ್ದು. 1031ರ ಆಗಸ್ಟ್ 3ರಂದು, ಅಂದಿನ ವಾಡಿಕೆಯಂತೆ, ಧರ್ಮಾಧ್ಯಕ್ಷರು ಓಲಾವನನ್ನು ಸಂತನೆಂದು ಸಾರಿದರು. ಗದ್ದುಗೆಯ ಮೇಲೆ ಕುಳಿತು ದೇಶವನ್ನು ಒಲಿಸಿಕೊಳ್ಳಲಾಗದವನು ಗೋರಿಯಿಂದ ಒಲಿಸಿಕೊಂಡ. ಅವನ ಕೆಲವು ಮಧ್ಯಯುಗದ ಮೂರ್ತಿಗಳಲ್ಲಿ ಸಂತನ ಕಾಲ ಕೆಳಗೆ ತುಳಿಯಲ್ಪಟ್ಟ ಒಂದು ಆಕೃತಿಯಿದೆ, ಅದರ ಮುಖ ಓಲಾವನದೇ. ತನ್ನ ಹಳೆಯ ಸ್ವಭಾವವನ್ನೇ ಮೆಟ್ಟಿನಿಂತವನು ಎಂದು ಅದನ್ನು ಹಲವರು ಅರ್ಥೈಸುತ್ತಾರೆ.

ಅವನ ಗೋರಿಯ ಮೇಲೆ ಇಂದಿನ ಟ್ರಾಂಡ್‌ಹೈಮಿನಲ್ಲಿ, ಅಂದಿನ ನಿಡಾರೋಸಿನಲ್ಲಿ, ಮಹಾದೇವಾಲಯವೆದ್ದಿತು. ಬೆತ್ಲೆಹೇಮಿನ ಪ್ರಭು ಜನನದ ದೇವಾಲಯದ ಕಂಬವೊಂದರ ಮೇಲೆಯೂ 12ನೇ ಶತಮಾನದಲ್ಲಿ ಬಿಡಿಸಿದ ಅವನ ಚಿತ್ರವಿದೆ. ಲಂಡನ್ನಿನ ಟೂಲಿ ಸ್ಟ್ರೀಟ್ ಎಂಬ ಬೀದಿಯ ಹೆಸರು ಸೇಂಟ್ ಓಲಾವ್ ಎಂಬುದೇ ಜನರ ಬಾಯಲ್ಲಿ ಸವೆದು ಉಳಿದ ರೂಪ.

ಹೆಸರು ಸಂತನಿಗಿಂತ ಮುಂಚೆಯೇ ಪಶ್ಚಿಮಕ್ಕೂ ಹಾಯಿ ಬಿಚ್ಚಿತ್ತು. ಐರಿಷ್ ಜನರ ನಾಲಗೆಯಲ್ಲಿ ಅದು 'ಅವ್ಲೀವ್' ಆಯಿತು. ಡಬ್ಲಿನ್ನಿನ ಅರಸ ಓಲಾವ್ ಕ್ವಾರಾನ್ 943ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷೆ ಪಡೆದಾಗ ಅಲ್ಲಿನ ರಾಜ ಎಡ್ಮಂಡನೇ ಅವನ ಜ್ಞಾನತಂದೆ. ಅನಂತರವೂ ಹಲವು ದಶಕ ಅವನು ಕಾದಾಡುತ್ತಲೇ ಇದ್ದ. 980ರಲ್ಲಿ ತಾರಾ ಕದನದಲ್ಲಿ ಸೋತ ಮೇಲೆ ಅಯೋನಾ ದ್ವೀಪದ ಮಠಕ್ಕೆ ಹೋಗಿ ಪಶ್ಚಾತ್ತಾಪದಲ್ಲಿ ಕೊನೆಯುಸಿರೆಳೆದ. 806ರಲ್ಲಿ ವೈಕಿಂಗರು 68 ಮಂದಿಯನ್ನು ಕೊಂದದ್ದು ಅದೇ ಮಠದಲ್ಲಿ.

ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳು 1266ರವರೆಗೆ ನಾರ್ವೆಯ ಅಧೀನದಲ್ಲಿದ್ದವು. ಅಲ್ಲಿ 'ಅವ್ಲೀವನ ಮಗ' ಎಂಬುದು ಮನೆತನದ ಹೆಸರಾಯಿತು: ಮೆಕಾಲೆ. ಹೌದು, 1835ರ ಶಿಕ್ಷಣ ಟಿಪ್ಪಣಿಯಿಂದ ಭಾರತದಲ್ಲಿ ಇಂಗ್ಲಿಷ್ ವಿದ್ಯೆಗೆ ದಾರಿಮಾಡಿ, ಇಂದಿಗೂ ನಮ್ಮ ಭಾಷಣಕಾರರಿಂದ ಬೈಸಿಕೊಳ್ಳುತ್ತಿರುವ ಅದೇ ಥಾಮಸ್ ಬಬಿಂಗ್ಟನ್ ಮೆಕಾಲೆಯ ಹೆಸರು. 1834ರಲ್ಲಿ ಮದರಾಸಿನಲ್ಲಿಳಿದು ಬೆಂಗಳೂರು, ಮೈಸೂರುಗಳ ಮೂಲಕ ಪಲ್ಲಕ್ಕಿಯಲ್ಲಿ ಊಟಿಗೆ ಸಾಗಿದ ಅವನ ಹೆಸರಿನೊಳಗೆ ಓಲಾವನೂ ಅಡಗಿ ನಮ್ಮ ನೆಲವನ್ನು ಹಾದುಹೋದ.

ನಾರ್ವೆಗೆ ಮರಳೋಣ. ಓಲಾವ್ ಎಂಬ ಹೆಸರಿನ ರಾಜರ ಸಾಲು 1387ರಲ್ಲಿ, 16ರ ಹರೆಯದಲ್ಲಿ ತೀರಿಕೊಂಡ ನಾಲ್ಕನೆಯ ಓಲಾವನೊಡನೆ ನಿಂತುಹೋಯಿತು. ದೇಶ ಮೊದಲು ಡೆನ್ಮಾರ್ಕಿನ, ಬಳಿಕ ಸ್ವೀಡನ್ನಿನ ಅರಸರ ಕೈಸೇರಿತು. 1537ರಲ್ಲಿ ಧರ್ಮಸುಧಾರಣೆ ಬಂದಾಗ ಸಂತನ ಪುಣ್ಯಾವಶೇಷದ ಪೆಟ್ಟಿಗೆಯ ಬೆಳ್ಳಿಯನ್ನು ಕೋಪನ್‌ಹೇಗನ್ನಿಗೆ ಸಾಗಿಸಲಾಯಿತು. ನಿಡಾರೋಸಿನ ಕೊನೆಯ ಕಥೋಲಿಕ ಮಹಾಧರ್ಮಾಧ್ಯಕ್ಷರು ದೇಶ ಬಿಟ್ಟು ಹೋಗಿ ಮರುವರ್ಷ ಪರದೇಶದಲ್ಲಿ ನಿಧನರಾದರು. ಅವರ ಹೆಸರೂ ಓಲಾವ್, ಓಲಾವ್ ಎಂಗೆಲ್‌ಬ್ರೆಕ್ಟ್‌ಸನ್. ಸಂತನ ದೇಹವನ್ನು ಮತ್ತೆ ಪ್ರಧಾನಾಲಯದಲ್ಲಿ ಹೂಳಿದರು. 1568ರಲ್ಲಿ ಆ ಗೋರಿಯನ್ನೂ ಮಣ್ಣು ತುಂಬಿ ಮುಚ್ಚಲಾಯಿತು. ಅದು ಎಲ್ಲಿದೆ ಎಂದು ಇಂದು ಯಾರೂ ಖಚಿತವಾಗಿ ತೋರಿಸಲಾರರು.

ಗೋರಿ ಮರೆಯಾದರೂ ಹೆಸರು ಹೊಲಮನೆಗಳಲ್ಲಿ ಉಳಿಯಿತು. ಓಲಾ, ಓಲೆ ಎಂಬ ಮುದ್ದಿನ ರೂಪಗಳಲ್ಲಿ ಅದು ಎಷ್ಟು ಸಾಮಾನ್ಯವಾಯಿತೆಂದರೆ, ನಾರ್ವೆಯ ಜನಸಾಮಾನ್ಯನನ್ನು ಇಂದಿಗೂ 'ಓಲಾ ನೂರ್ಡ್‌ಮನ್' ಎಂದೇ ಕರೆಯುತ್ತಾರೆ. ಬೆಳಕಿಗೆ ವೇಗವಿದೆಯೆಂದು 1676ರಲ್ಲಿ ತೋರಿಸಿದ ಡೆನ್ಮಾರ್ಕಿನ ಖಗೋಳಜ್ಞ ಓಲೆ ರೋಮರ್. ನಮ್ಮ ಮಕ್ಕಳು ಜೋಡಿಸುವ ಲೆಗೊ ಆಟಿಕೆಯ ಸಂಸ್ಥೆಯನ್ನು 1932ರಲ್ಲಿ ಆರಂಭಿಸಿದ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್.

1905ರಲ್ಲಿ ನಾರ್ವೆ ಸ್ವೀಡನ್ನಿನಿಂದ ಬೇರೆಯಾಗಿ ಡೆನ್ಮಾರ್ಕಿನ ರಾಜಕುಮಾರ ಕಾರ್ಲನನ್ನು ಅರಸನನ್ನಾಗಿ ಆರಿಸಿತು. ಅವನು ಹೋಕನ್ ಎಂಬ ಹಳೆಯ ನಾರ್ವೇಜಿಯನ್ ಹೆಸರನ್ನು ಧರಿಸಿದ. ಇಂಗ್ಲೆಂಡಿನಲ್ಲಿ ಹುಟ್ಟಿದ ಅವನ ಎರಡು ವರ್ಷದ ಮಗ ಅಲೆಕ್ಸಾಂಡರನಿಗೆ ಓಲಾವ್ ಎಂದು ಹೆಸರಿಟ್ಟ. ಹಿರಿಯರ ಉಳಿಕೆ ಎಂಬರ್ಥದ ಹೆಸರು, ಆ ನೆಲದಲ್ಲಿ ಹುಟ್ಟಿರದ ಮಗುವಿಗೆ!

ಆ ಮಗು 1957ರಲ್ಲಿ ಐದನೆಯ ಓಲಾವ್ ಆಗಿ ಪಟ್ಟಕ್ಕೆ ಬಂದಿತು. 1973ರ ತೈಲ ಬಿಕ್ಕಟ್ಟಿನ ಚಳಿಗಾಲದಲ್ಲಿ ವಾರಾಂತ್ಯದಂದು ಖಾಸಗಿ ವಾಹನ ಓಡಿಸುವುದನ್ನು ನಿಷೇಧಿಸಿದಾಗ, ಈ ರಾಜ ಹಿಮಪಾದುಕೆಗಳನ್ನು ಹೊತ್ತು ಓಸ್ಲೋದ ಸಾರ್ವಜನಿಕ ರೈಲನ್ನೇರಿ ಟಿಕೆಟ್ಟಿಗೆ ಹಣ ನೀಡಲು ಮುಂದಾದ ಛಾಯಾಚಿತ್ರ ಆ ದೇಶದಲ್ಲಿ ಮನೆಮಾತು. 1991ರ ಜನವರಿ 17ರಂದು ಅವನು ತೀರಿಕೊಂಡ. ಆ ರಾತ್ರಿಗಳಲ್ಲಿ ಓಸ್ಲೋದ ಜನರು ಅರಮನೆಯ ಮುಂದಿನ ಅಂಗಳಕ್ಕೆ ಬಂದು ಹಿಮದ ಮೇಲೆ ಮೇಣದಬತ್ತಿಗಳನ್ನು ಹಚ್ಚಿಟ್ಟು ನಿಂತರು.